ಇನ್ನೂರ ಐವತ್ತೇಳನೆಯ ಬಾಗಿಲು

ನಮ್ಮೂರಿಗೆ ಇರುವುದು ಒಂದೇ ಬೀದಿ. ಬಾವಿಯ ಹತ್ತಿರ ಶುರುವಾಗಿ, ಗುಡ್ಡ ಬಳಸಿಕೊಂಡು, ಇನ್ನೂ ಬೆಳೆಯುತ್ತಲೇ ಇದೆ. ಆ ಬೀದಿಯ ಕೆಲವು ಮನೆಗಳಲ್ಲಿ ನಿದ್ದೆ ಬರುವುದಿಲ್ಲ. ಅಲ್ಲಿ ಉಣ್ಣಬಹುದು, ನಗಬಹುದು, ಜಗಳ ಕಾಯಬಹುದು, ಚಾಪೆ ಹಾಸಿಕೊಂಡು ಬೆಳಗಿನ ತನಕ ಹೊರಳಾಡಲೂಬಹುದು. ರೆಪ್ಪೆಗೆ ರೆಪ್ಪೆ ಮಾತ್ರ ಅಂಟುವುದಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ಮಾವಿನ ಮರದಲ್ಲಿ ಮಾವೇ ಯಾಕೆ ಬಿಡುತ್ತದೆ ಅಂತ ನೀವು ಯಾರನ್ನಾದರೂ ಕೇಳಿದ್ದೀರಾ? ಹಾಗೇ ಇದೂ.

ಅಂಥ ಮನೆಗಳಿಗೆ ನಾವು ಎಚ್ಚರದ ಮನೆ ಅನ್ನುತ್ತೇವೆ. ಹಾಳು ಬಿಡುವುದಕ್ಕೆ ನಾವೇನು ಶ್ರೀಮಂತರೇ? ನಾಲ್ಕನೆಯದರಲ್ಲಿ ಕಾಫಿ ಹೋಟೆಲು, ಒಂಬತ್ತನೆಯದರಲ್ಲಿ ಕ್ಷೌರದಂಗಡಿ, ಹದಿನಾರನೆಯದರಲ್ಲಿ ಹರಿಕಥೆ. ಹರಿಕಥೆ ದಾಸರಿಗೆ ನಮ್ಮೂರೆಂದರೆ ಪಂಚಪ್ರಾಣ, ಎದುರಿಗೆ ಕೂತವರು ಒಬ್ಬರೂ ತೂಕಡಿಸುವುದಿಲ್ಲವಲ್ಲ. ಇಪ್ಪತ್ತೈದನೆಯದು ಶಾಲೆ. ಮೂವತ್ತಾರನೆಯದರಲ್ಲಿ ಊರಿನ ಸಭೆ ಸೇರುತ್ತದೆ. ನಿದ್ದೆ ಬಂತು ಅಂತ ಎದ್ದು ಹೋಗುವ ಉಪಾಯ ಯಾರಿಗೂ ಇಲ್ಲವಾದ್ದರಿಂದ ಸಭೆ ಮುಗಿಯುವುದೇ ಇಲ್ಲ. ನೂರನೆಯದರಲ್ಲಿ ಹಿಂದೊಮ್ಮೆ ಆಸ್ಪತ್ರೆ ಮಾಡಿ, ರೋಗಿಗಳು ಹಾದಿಗೆ ಬಂದು ಮಲಗಿದ ಮೇಲೆ ಬುದ್ಧಿ ಬಂತು. ಈಗ ಅಲ್ಲಿ ಹಿಟ್ಟಿನ ಗಿರಣಿ ಇದೆ.

ಯಾವ ಮನೆಯಲ್ಲಿ ನಿದ್ದೆ ಬರುತ್ತದೆ, ಯಾವುದರಲ್ಲಿ ಇಲ್ಲ ಅಂತ ಲೆಕ್ಕ ಹಾಕಿ ಹೊಸದಾಗಿ ಬಂದವರಿಗೆ ಬಾಗಿಲು ತೋರಿಸುವುದು ನನ್ನ ಕೆಲಸ. ನಾನು ದುಗ್ಗಮ್ಮ. ನನ್ನ ಬೆನ್ನ ಹಿಂದೆ ಬೀಜದ ದುಗ್ಗಮ್ಮ ಅನ್ನುತ್ತಾರೆ, ಎದುರಿಗೂ ಅನ್ನಲಿ, ನನಗೇನು ಬೇಜಾರಿಲ್ಲ. ಈ ವಿದ್ಯೆ ನನ್ನ ಅತ್ತೆಯದು. ಊರಿಗೆ ಬಂದ ಕುಟುಂಬ ತಾನು ಎಷ್ಟನೆಯದೋ ಅಷ್ಟು ಹುಣಸೆ ಬೀಜ ತರಬೇಕು. ನಾನು ಆ ಬೀಜಗಳನ್ನು ನೆಲದ ಮೇಲೆ ಚಚ್ಚೌಕವಾಗಿ ಹಾಸುತ್ತೇನೆ, ಉದ್ದಕ್ಕೆಷ್ಟೋ ಅಗಲಕ್ಕೂ ಅಷ್ಟೇ ಸಾಲು. ಕೊನೆಗೆ ಒಂದಿಷ್ಟು ಮಿಗುತ್ತವೆ. ಮಿಕ್ಕದ್ದು ಒಂದು ಸಾಲಿಗಿಂತ ಹೆಚ್ಚಿಲ್ಲದಿದ್ದರೆ, ಸಾಲಿನಲ್ಲಿ ಎಷ್ಟು ಬೀಜವೋ ಅಷ್ಟನ್ನು ಅವರ ಸಂಖ್ಯೆಗೆ ಕೂಡಿಸು. ಮಿಕ್ಕದ್ದು ಸಾಲಿಗಿಂತ ಹೆಚ್ಚಿದ್ದರೆ ಸಾಲಿನ ಬೀಜಕ್ಕಿಂತ ಒಂದು ಜಾಸ್ತಿ ಕೂಡಿಸು. ಬಂದದ್ದೇ ಬಾಗಿಲು. ಆರನೆಯ ಕುಟುಂಬ ಬಂತು ಅನ್ನಿ. ಎರಡೆರಡರ ಎರಡು ಸಾಲು, ಮಿಕ್ಕದ್ದು ಎರಡು. ಎರಡು ಕೂಡಿಸಿದರೆ ಎಂಟನೆಯ ಬಾಗಿಲು. ಏಳನೆಯವರು ಬಂದರೆ ಮಿಕ್ಕದ್ದು ಮೂರು, ಸಾಲಿಗಿಂತ ಹೆಚ್ಚಾಯಿತು. ಮೂರು ಕೂಡಿಸಿದರೆ ಹತ್ತನೆಯ ಬಾಗಿಲು. ನಡುವೆ ಒಂಬತ್ತು ಬಿಟ್ಟುಹೋಯಿತು. ಬಿಟ್ಟುಹೋದದ್ದು ಎಚ್ಚರದ ಮನೆ. ಇಪ್ಪತ್ತೆರಡು ವರ್ಷ ಹೀಗೇ ಬೀಜ ಹಾಸಿದ್ದೇನೆ, ಒಂದು ದಿನವೂ ಇದು ಹೀಗೇಕೆ ಅಂತ ತಲೆ ಕೆಡಿಸಿಕೊಂಡವಳಲ್ಲ.

ತಲೆ ಕೆಡಿಸಿದವಳು ಚೆಲುವಾಜಮ್ಮ. ಸುಗ್ಗಿ ಮುಗಿದ ಮೇಲೆ ಒಂದು ಹೊಲಿಗೆ ಯಂತ್ರ, ಒಂದು ಟ್ರಂಕು ಹೊರಿಸಿಕೊಂಡು ಒಂಟಿಯಾಗಿ ಬಂದಳು. ನಲವತ್ತರ ಆಸುಪಾಸು, ಅಚ್ಚುಕಟ್ಟಾದ ಹೆಂಗಸು, ಮಾತು ಕಡಿಮೆ. ಅವಳು ಇನ್ನೂರ ನಲವತ್ತೊಂದನೆಯವಳು. ಬೀಜ ಹಾಸಿದೆ. ಹದಿನೈದರ ಹದಿನೈದು ಸಾಲು, ಮಿಕ್ಕದ್ದು ಹದಿನಾರು. ಸಾಲಿಗಿಂತ ಒಂದೇ ಒಂದು ಹೆಚ್ಚು. ಹಾಗಾಗಿ ಹದಿನಾರು ಕೂಡಿಸಿ ಇನ್ನೂರ ಐವತ್ತೇಳನೆಯ ಬಾಗಿಲು ತೋರಿಸಿದೆ. ಹಿಂದಿನ ಕುಟುಂಬದವರು ಇನ್ನೂರ ಐವತ್ತೈದರಲ್ಲಿದ್ದರು. ಇನ್ನೂರ ಐವತ್ತಾರು ಬಿಟ್ಟುಹೋಯಿತು. ಅವಳು ಹೊಸಿಲಿಗೆ ಕೈ ಮುಗಿದು ಒಳಗೆ ಹೋದಳು.

ಒಂದು ತಿಂಗಳಿಗೆ ನನ್ನ ಮನೆ ಬಾಗಿಲಿಗೆ ಬಂದು ನಿಂತಳು. ನೋಡಿದರೆ ಗುರುತು ಹತ್ತಲಿಲ್ಲ. ಕಣ್ಣು ಗುಳಿ ಬಿದ್ದಿವೆ, ಬೆರಳಿಗೆಲ್ಲ ಬಟ್ಟೆ ಸುತ್ತಿದ್ದಾಳೆ, ಸೂಜಿ ಚುಚ್ಚಿಕೊಂಡ ಗಾಯ. ಗಿರಣಿಯವನ ಹೆಂಡತಿಯ ರವಿಕೆಗೆ ತೋಳಿನ ಬಟ್ಟೆಯನ್ನು ಕೊರಳಿಗೆ ಹೊಲಿದಿಟ್ಟಿದ್ದಳಂತೆ. ಊರೆಲ್ಲ ಅದನ್ನು ಹೇಳಿಕೊಂಡು ನಕ್ಕಿತ್ತು, ನಾನೂ ನಕ್ಕಿದ್ದೆ. ಎದುರಿಗೆ ಬಂದು ನಿಂತಾಗ ನಾಚಿಕೆಯಾಯಿತು.

"ದುಗ್ಗಕ್ಕ, ಈ ಮನೇಲಿ ನಂಗೆ ನಿದ್ದೆ ಬರಲ್ಲ," ಅಂದಳು. "ನನ್ನ ಹಿಂದಿನೋರಿಗೆಲ್ಲ ಹದಿನೈದು ಕೂಡಿಸಿದ್ರಿ, ನಂಗೆ ಮಾತ್ರ ಹದಿನಾರು. ಒಂದು ಬೀಜಕ್ಕೋಸ್ಕರ. ನಂದು ಆ ಪಕ್ಕದ ಮನೆ ಇರ್ಬೇಕು. ಇದು ಎಚ್ಚರದ್ದು."

ನಾನು ನಗುತ್ತಾ ಕಳಿಸಿಬಿಡಬಹುದಿತ್ತು. ಆದರೆ ಮಾತು ಬೀದಿಗೆ ಬಿತ್ತು. ಆ ತಿಂಗಳು ಜನ ಸಾಲುಗಟ್ಟಿ ಬಂದಿದ್ದರು, ಅವಳ ಆಚೆ ಆಗಲೇ ಇಪ್ಪತ್ತೆಂಟು ಕುಟುಂಬ ನೆಲೆ ನಿಂತಿದ್ದವು. ಅವರಿಗೂ ಕೂಡಿಸಿದ್ದು ಹದಿನಾರೇ. ಅವರಿಗೆಲ್ಲ ಆವತ್ತಿನಿಂದ ನಿದ್ದೆ ಅರ್ಧಕ್ಕೆ ನಿಂತಿತು. ಒಬ್ಬಳು ಕೂಸು ರಚ್ಚೆ ಹಿಡಿಯುತ್ತದೆ ಅಂದಳು, ಇನ್ನೊಬ್ಬ ತನ್ನ ಕನಸುಗಳು ಗಿಡ್ಡವಾಗಿವೆ ಅಂದ. ಸಭೆಯ ಚೇರ್ಮನ್ ಮರುಳಪ್ಪ ನನ್ನನ್ನು ಕರೆಸಿದರು. ಒಳ್ಳೆಯವರು, ಆದರೆ ಗಾಳಿ ಬಂದ ಕಡೆ ತೂರಿಕೊಳ್ಳುವ ಜಾತಿ. ನಿಮ್ಮ ಅತ್ತೆಯ ಶಾಸ್ತ್ರ ತಪ್ಪಿದ್ದರೆ ಇಪ್ಪತ್ತೊಂಬತ್ತು ಮನೆಯವರೂ ಮಂಚ ಮಡಕೆ ಹೊತ್ತುಕೊಂಡು ಬೇರೆ ಬಾಗಿಲು ಹುಡುಕಬೇಕಾಗುತ್ತದೆ, ನೀವೂ ಕೆಲಸ ಬಿಡಬೇಕಾಗುತ್ತದೆ, ಬರುವ ಸೋಮವಾರದೊಳಗೆ ಏನಾದರೂ ಒಂದು ಹೇಳಿ ಅಂದರು. ಕೆಲಸ ಹೋದರೆ ಹೋಗಲಿ ಅಂತ ಬಾಯಲ್ಲಿ ಅಂದೆ. ಒಳಗೊಳಗೆ ಭಯವೇ ಆಯಿತು. ನನ್ನ ಲೆಕ್ಕದಿಂದ ಒಬ್ಬ ಹೆಂಗಸು ಹೀಗೆ ಬತ್ತಿ ಹೋಗುತ್ತಿದ್ದಾಳೆ ಅಂದರೆ ನಾನು ಅನ್ನ ತಿನ್ನುವುದು ಹೇಗೆ?

ಮಲಗಿ ನೋಡಿದರೆ ತೀರಿತಲ್ಲ ಅಂತ ನೀವು ಅನ್ನಬಹುದು. ನಾವೂ ಅಂದೆವು. ಊಟ ಮಾಡಿ ಮಧ್ಯಾಹ್ನ ಹೋಗಿ ಇನ್ನೂರ ಐವತ್ತಾರರಲ್ಲಿ ಚಾಪೆ ಹಾಸಿದೆ. ನಿದ್ದೆ ಬರಲಿಲ್ಲ. ಮರುದಿನ ಚೆಲುವಾಜಮ್ಮನ ಮನೆಯಲ್ಲಿ ಹಾಸಿದೆ. ಅಲ್ಲೂ ಬರಲಿಲ್ಲ. ಎದೆಯೊಳಗೆ ಸೋಮವಾರ ಕೂತಿರುವಾಗ ಎಲ್ಲಿ ಬಂದೀತು? ಆಮೇಲೆ ಮರುಳಪ್ಪನವರು ಕಾವಲಿನ ಹುಚ್ಚೀರಯ್ಯನನ್ನು ಕಳಿಸಿದರು. ಆತ ನಿಂತಲ್ಲೇ ಗೊರಕೆ ಹೊಡೆಯುವ ಆಸಾಮಿ, ಹುಳಿಸಾರು ಮುದ್ದೆ ಗಟ್ಟಿಯಾಗಿ ಉಂಡು ಬಂದ. ಏನಾಗುತ್ತದೋ ಅಂತ ಬೀದಿಗೆ ಬೀದಿಯೇ ಕಿಟಕಿಯಲ್ಲಿ ಮೂತಿ ಇಟ್ಟಿತು. ನೂರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಕುಂಭಕರ್ಣನಿಗಾದರೂ ನಿದ್ದೆ ಹತ್ತುತ್ತದೆಯೇ? ಎರಡೂ ಮನೆಯಲ್ಲಿ ಎರಡೆರಡು ಗಂಟೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಲಗಿದ್ದು, ಎದ್ದು, ನನ್ನ ಮರ್ಯಾದೆ ತೆಗೆದಿರಿ ಅಂತ ಎಲ್ಲರನ್ನೂ ಬೈದು ಹೋದ.

ಇನ್ನು ಉಳಿದದ್ದು ಬೀಜ. ಪಡಸಾಲೆಯಲ್ಲಿ ಒಂದು ಮೊರದ ತುಂಬ ಬೀಜ ಇಟ್ಟುಕೊಂಡು ಕೂತೆ. ಅತ್ತೆ ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಮಾಡಿದೆ, ಅದೇ ಇನ್ನೂರ ಐವತ್ತೇಳು ಬಂತು. ಹತ್ತು ಸಲ ಮಾಡಿದರೂ ಅದೇ ಬರುತ್ತದೆ. ತಪ್ಪು ಶಾಸ್ತ್ರವಾದರೂ ಹತ್ತು ಸಲ ಒಂದೇ ತಪ್ಪು ಬರುತ್ತದಲ್ಲ. ಆಗ ಒಂದು ಯೋಚನೆ ಬಂತು. ಇಷ್ಟು ವರ್ಷ ಬಂದವರ ಸಂಖ್ಯೆಗೆ ಬೀಜ ಹಾಸಿದ್ದೇನೆ. ಬಾಗಿಲಿನ ಸಂಖ್ಯೆಗೆ ಹಾಸಿಲ್ಲ. ನನ್ನ ಅತ್ತೆಯೂ ಹಾಸಿರಲಿಲ್ಲ, ಅವಳ ಅತ್ತೆಯೂ ಹಾಸಿರಲಿಲ್ಲ, ಬಾಗಿಲಿಗೆ ಬೀಜ ಹಾಸುವುದು ಪದ್ಧತಿಯೇ ಅಲ್ಲ. ಬಿಟ್ಟುಹೋದ ಬಾಗಿಲಿಗಂತೂ ಯಾರು ಹಾಸುತ್ತಾರೆ?

ಒಂಬತ್ತು ಹಾಸಿದೆ. ಮೂರರ ಮೂರು ಸಾಲು, ಒಂದೂ ಮಿಗಲಿಲ್ಲ. ಹದಿನಾರು ಹಾಸಿದೆ, ನಾಲ್ಕರ ನಾಲ್ಕು, ಮಿಗಲಿಲ್ಲ. ಶಾಲೆಯ ಇಪ್ಪತ್ತೈದು, ಸಭೆಯ ಮೂವತ್ತಾರು, ಗಿರಣಿಯ ನೂರು. ಒಂದಾದ ಮೇಲೆ ಒಂದು, ಎಲ್ಲ ಭರ್ತಿ. ಮೊರದ ಬೀಜವನ್ನೆಲ್ಲ ಸುರಿದುಕೊಂಡು ಇನ್ನೂರ ಐವತ್ತಾರು ಹಾಸಿದಾಗ ಹದಿನಾರರ ಹದಿನಾರು ಸಾಲು ಕನ್ನಡಿಯ ಹಾಗೆ ಕೂತಿತು. ನಮ್ಮೂರಿನ ಎಚ್ಚರದ ಮನೆಗಳೆಲ್ಲ ತುಂಬಿದ ಸಂಖ್ಯೆಯವು, ಮಿಗತೆ ಇಲ್ಲದವು. ಆಮೇಲೆ ಇದನ್ನು ಶಾಲೆಯ ಮೇಷ್ಟರಿಗೆ ಹೇಳಿದರೆ, ನನಗೆ ಮೊದಲೇ ಗೊತ್ತಿತ್ತು ಅಂದರು. ಗೊತ್ತಿದ್ದರೆ ಬಾಯಿ ಬಿಡಬೇಕಿತ್ತಪ್ಪ, ಬಾಯಲ್ಲೇನು ಕಡುಬು ಇತ್ತೇ?

ಅಲ್ಲಿಗೆ ಮುಗಿಯಲಿಲ್ಲ, ಕುತೂಹಲ ಹತ್ತಿದ ಮೇಲೆ ಅದು ಬಿಡುತ್ತದೆಯೇ. ಇಲ್ಲಿಯ ತನಕ ತುಂಬಿದ ಸಂಖ್ಯೆಗಳನ್ನೇ ಬಿಟ್ಟಿದೆ, ಸರಿ. ನಾಳೆ ಮುನ್ನೂರನೆಯವರು ಬಂದಾಗ, ಸಾವಿರದವರು ಬಂದಾಗ ಶಾಸ್ತ್ರ ಕಾಲು ಜಾರುವುದಿಲ್ಲ ಅಂತ ಹೇಗೆ ಹೇಳುವುದು? ಒಲೆಯ ಮೇಲೆ ಸಾರು ಸೀದುಹೋಯಿತು, ಗಮನವಿಲ್ಲ. ಹದಿನೈದರ ಚೌಕವನ್ನು ಹದಿನಾರರದ್ದು ಮಾಡಬೇಕಾದರೆ ಎಷ್ಟು ಬೀಜ ಬೇಕು ಅಂತ ಸುಮ್ಮನೆ ಕೈಯಾಡಿಸಿದೆ. ಬಲಕ್ಕೆ ಹದಿನೈದು, ಕೆಳಕ್ಕೆ ಹದಿನೈದು. ಆಮೇಲೆ ಮೂಲೆಯಲ್ಲಿ ಒಂದು ಗುಳಿ ಉಳಿಯುತ್ತದೆ, ಅದಕ್ಕೊಂದು. ಮೂವತ್ತೊಂದು. ಇನ್ನೂರ ನಲವತ್ತನೆಯವರಿಗೆ ಮಿಕ್ಕದ್ದು ಹದಿನೈದು, ಕೂಡಿಸಿದ್ದು ಹದಿನೈದು, ಒಟ್ಟು ಮೂವತ್ತು. ಮೂಲೆ ಖಾಲಿ. ಚೆಲುವಾಜಮ್ಮನಿಗೆ ಮಿಕ್ಕದ್ದು ಹದಿನಾರು, ಕೂಡಿಸಿದ್ದು ಹದಿನಾರು, ಮೂವತ್ತೆರಡು. ಮೂಲೆ ತುಂಬಿ ಒಂದು ಹೊರಗೆ. ಮೂವತ್ತೊಂದು ಬರಲು ದಾರಿಯೇ ಇಲ್ಲ. ನನ್ನಷ್ಟಕ್ಕೆ ನಾನೇ ಜೋರಾಗಿ ನಕ್ಕೆ, ಪಕ್ಕದ ಮನೆಯವಳು ಇಣುಕಿ ನೋಡಿ ಹೋದಳು.

ಸೋಮವಾರ ಮೂವತ್ತಾರರ ನೆಲದ ಮೇಲೆ ಬೀಜ ಹಾಸಿ ಎಲ್ಲರಿಗೂ ತೋರಿಸಿದೆ. ಸಾಲು ಎಷ್ಟೇ ಉದ್ದವಿರಲಿ, ಚೌಕ ಒಂದು ಸುತ್ತು ಬೆಳೆಯಬೇಕಾದರೆ ಎರಡು ಸಾಲು ಬೇಕು, ಮೂಲೆಗೆ ಒಂದು ಬೇಕು. ಮಿಕ್ಕದ್ದು ಸಾಲಿನಷ್ಟೋ ಕಡಿಮೆಯೋ ಇದ್ದರೆ ನಾವು ಒಂದು ಸಾಲು ಕೂಡಿಸುತ್ತೇವೆ. ಎಷ್ಟು ಎಳೆದಾಡಿದರೂ ಎರಡು ಸಾಲು ದಾಟುವುದಿಲ್ಲ, ಮೂಲೆಗೆ ಗತಿಯಿಲ್ಲ. ಮಿಕ್ಕದ್ದು ಸಾಲಿಗಿಂತ ಹೆಚ್ಚಿದ್ದರೆ ಆಗಲೇ ಕಡೇ ಪಕ್ಷ ಒಂದು ಜಾಸ್ತಿ, ನಾವು ಕೂಡಿಸುವುದರಲ್ಲೂ ಒಂದು ಜಾಸ್ತಿ. ಮೂಲೆ ತುಂಬಿ ಒಂದಾದರೂ ಚೆಲ್ಲಲೇಬೇಕು. ಅಲ್ಲಿಂದ ಮುಂದಿನ ಚೌಕಕ್ಕೆ ಹೋಗಲಂತೂ ಅದು ಸಾಲುವುದೇ ಇಲ್ಲ. ಒಂದಾದರೂ ಕಡಿಮೆ, ಇಲ್ಲ ಒಂದಾದರೂ ಹೆಚ್ಚು. ಸರಿಯಾಗಿ ತುಂಬುವುದು ಎಂದಿಗೂ ಆಗದ ಮಾತು. ಹಿರಿಯರೊಬ್ಬರು ಮುಂದೆ ಬಂದು ಮೂಲೆಯ ಗುಳಿಯಲ್ಲಿ ಬೆರಳಿಟ್ಟು ನೋಡಿದರು.

ಮರುಳಪ್ಪನವರು ತಲೆ ಕೆರೆದುಕೊಂಡು ಒಂದು ಪ್ರಶ್ನೆ ಹಾಕಿದರು. ಕೆಟ್ಟ ಮನೆ ಯಾರಿಗೂ ಕೊಡುವುದಿಲ್ಲ, ಒಪ್ಪಿದೆ. ಆದರೆ ಯಾವುದಾದರೂ ಒಳ್ಳೆಯ ಮನೆಯನ್ನು ಶಾಸ್ತ್ರ ಸುಮ್ಮನೆ ಬಿಟ್ಟುಬಿಟ್ಟಿದ್ದರೆ? ಜಾಗ ಹಾಳಲ್ಲವೇ? ನನಗೆ ಇದು ಹೊಳೆದಿರಲಿಲ್ಲ. ಪುಣ್ಯಕ್ಕೆ ನಮ್ಮ ಸಭೆಗೆ ಅವಸರವಿಲ್ಲ. ಎಲ್ಲರೂ ಕಾಫಿ ತರಿಸಿಕೊಂಡು ಕಾದರು, ನಾನು ಬೀಜ ಸರಿಸುತ್ತಾ ಕೂತೆ. ಎರಡನೆಯ ಲೋಟ ಖಾಲಿಯಾಗುವ ಹೊತ್ತಿಗೆ ಕಂಡಿತು. ಪ್ರತಿ ಹೊಸ ಕುಟುಂಬ ಹಿಂದಿನವರಿಗಿಂತ ಒಂದೇ ಬೀಜ ಹೆಚ್ಚು ತರುತ್ತದೆ. ಕೂಡಿಸುವ ಸಂಖ್ಯೆ ಬದಲಾಗದಿದ್ದರೆ ಬಾಗಿಲೂ ಒಂದೇ ಮುಂದೆ ಹೋಗುತ್ತದೆ, ಪಕ್ಕದ ಮನೆಗೆ. ಆ ಸಂಖ್ಯೆ ಬದಲಾಗುವುದು ಒಂದೇ ಕಡೆ, ಮಿಕ್ಕದ್ದು ಸಾಲಿನಷ್ಟಿದ್ದು ಅದರ ಮೇಲೆ ಒಂದು ಹೆಚ್ಚಾದ ಗಳಿಗೆಯಲ್ಲಿ. ಆಗ ಮಾತ್ರ ಬಾಗಿಲು ಎರಡು ಹೆಜ್ಜೆ ಹಾಕುತ್ತದೆ. ದಾಟಿದ್ದು ಒಂದೇ ಮನೆ. ಆ ಒಂದು ಮನೆ ಯಾವುದು? ಈ ಕಡೆಯವರಿಗೆ ಮೂಲೆ ಖಾಲಿ, ಆ ಕಡೆಯವರಿಗೆ ಒಂದು ಚೆಲ್ಲಿದೆ. ನಡುವಿನದು ಮೂಲೆ ತುಂಬಿದ್ದು. ಎಚ್ಚರದ ಮನೆಯೇ. ಬೇರೆ ಯಾವುದನ್ನೂ ಶಾಸ್ತ್ರ ಬಿಡುವುದಿಲ್ಲ, ಬಿಡಲು ಬರುವುದೇ ಇಲ್ಲ.

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮರುಳಪ್ಪನವರು ನನಗೊಂದು ಶಾಲು ಹೊದಿಸಿಯೇ ಸೈ ಅಂತ ಶಾಲು ಹುಡುಕಲು ಆಳು ಕಳಿಸಿದರು. ಇಪ್ಪತ್ತೆಂಟು ಮನೆಯವರ ಮುಖದಲ್ಲಿ ಆಗಲೇ ಆಕಳಿಕೆ ಕಾಣತೊಡಗಿತು. ನನಗೆ ಎಷ್ಟು ಹಿಗ್ಗು ಅಂತೀರಿ. ಮದುವೆಯ ದಿನವೂ ಅಷ್ಟು ಹಿಗ್ಗಿದವಳಲ್ಲ ನಾನು. ಆ ಗದ್ದಲದಲ್ಲಿ ಚೆಲುವಾಜಮ್ಮ ಗೋಡೆಯ ಪಕ್ಕದಿಂದ ಎದ್ದು ಹೊರಗೆ ಹೋದದ್ದು ಕಣ್ಣಿಗೆ ಬಿತ್ತು. ಸೋತದ್ದಕ್ಕೆ ಸಿಟ್ಟೇನೋ ಅಂದುಕೊಂಡೆ. ಸೆರಗಿನಲ್ಲಿ ಒಂದಿಷ್ಟು ಬೀಜ ಕಟ್ಟಿಕೊಂಡು ಅವಳ ಹಿಂದೆಯೇ ಹೊರಟೆ, ಸಮಾಧಾನವಾಗಿ ಮತ್ತೊಮ್ಮೆ ತೋರಿಸಿದರೆ ಅವಳಿಗೂ ಖುಷಿಯಾದೀತು ಅಂತ.

ಇನ್ನೂರ ಐವತ್ತೇಳರ ನಡುಮನೆಯಲ್ಲಿ ಅವಳು ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದಳು. ನಾನು ನನ್ನ ಸಡಗರದಲ್ಲಿ ಚಿಕ್ಕ ಚೌಕ ಹಾಸಿ, ಮೂಲೆ ತೋರಿಸಿ, ಒಂದು ಬೀಜ ಇಟ್ಟು ತೆಗೆದು ಎಲ್ಲ ಹೇಳಿದೆ. ಅವಳು ಗಮನ ಕೊಟ್ಟೇ ಕೇಳಿದಳು. ಕೊನೆಗೆ ತಾನೇ ಒಂದು ಬೀಜ ಎತ್ತಿ ಮೂಲೆಯಲ್ಲಿಟ್ಟು, ಮತ್ತೆ ತೆಗೆದಳು.

"ಹಂಗಾದ್ರೆ ಮನೇದೇನೂ ತಪ್ಪಿಲ್ಲ," ಅಂದಳು.

"ಇಲ್ಲ ಕಣಮ್ಮ. ಇದು ಅಪ್ಪಟ ಮಲಗೋ ಮನೆ."

ಅವಳ ಮುಖ ನೋಡಿ ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಅದು ಸೋತವಳ ಮುಖವಲ್ಲ. ಇದ್ದ ಒಂದು ಆಸರೆಯನ್ನೂ ಯಾರೋ ಕಿತ್ತುಕೊಂಡಾಗ ಆಗುವ ಮುಖ, ಕಿತ್ತುಕೊಂಡವಳು ನಾನೇ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ನಮ್ಮೂರಿನಲ್ಲಿ ನಿದ್ದೆ ಬರುವುದಿಲ್ಲ ಅಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ, ಎಷ್ಟನೇ ಮನೆ ಅಂತ. ಹುಟ್ಟಿದಾಗಿನಿಂದ ಅದನ್ನೇ ಕೇಳಿದ್ದೇನೆ. ಇನ್ನೊಂದು ಪ್ರಶ್ನೆ ಇದೆ ಅನ್ನುವುದು ನಮಗೆ ಯಾರಿಗೂ ತೋಚಿರಲಿಲ್ಲ.

"ಮತ್ತೆ ಯಾಕೆ ನಿದ್ದೆ ಬರ್ತಿಲ್ಲ ನಿಂಗೆ?"

ಅವಳು ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟಳು. ಆಮೇಲೆ ನೆಲ ನೋಡುತ್ತಾ ಹೇಳಿದಳು. ಅವಳಿಗೆ ಒಬ್ಬಳು ತಂಗಿ ಇದ್ದಳಂತೆ, ತಾನೇ ಎತ್ತಿ ಆಡಿಸಿ ಬೆಳೆಸಿದವಳು. ಜ್ವರ ಬಂದು ಮಲಗಿದಳು. ಹನ್ನೊಂದು ರಾತ್ರಿ ಚೆಲುವಾಜಮ್ಮ ರೆಪ್ಪೆ ಮುಚ್ಚದೆ ಪಕ್ಕದಲ್ಲೇ ಕೂತಿದ್ದಳು. ಅಕ್ಕ, ನೀನು ಎದ್ದಿದ್ದರೆ ನನಗೆ ಭಯವಿಲ್ಲ ಅನ್ನುತ್ತಿದ್ದಳಂತೆ ಹುಡುಗಿ.

"ಹನ್ನೆರಡನೇ ರಾತ್ರಿ ಮಂಚದ ಅಂಚಿಗೆ ತಲೆ ಕೊಟ್ಟೆ, ದುಗ್ಗಕ್ಕ. ಒಂದು ಗಳಿಗೆ ಅಂತ. ಎದ್ದಾಗ ಬೆಳಕಾಗಿತ್ತು. ಅವಳ ಕೈ ನನ್ನ ತಲೆ ಮೇಲಿತ್ತು, ತಣ್ಣಗಿತ್ತು. ಎಬ್ಬಿಸೋಕೆ ಇಟ್ಟಿದ್ಲೋ, ಮಲಗು ಅಂತ ಇಟ್ಟಿದ್ಲೋ, ಗೊತ್ತಿಲ್ಲ. ಅವತ್ತಿಂದ ಕಣ್ಣು ಮುಚ್ಚಿದ್ರೆ ಬೆಚ್ಚಿ ಬೀಳ್ತೀನಿ."

ಈ ಊರಲ್ಲಿ ನಿದ್ದೆಗೆಡುವುದು ಮನೆಯ ದೆಸೆಯಿಂದ ಅಂತ ಯಾರೋ ಹೇಳಿದ್ದನ್ನು ಕೇಳಿ ಹುಡುಕಿಕೊಂಡು ಬಂದಳಂತೆ. ಇಲ್ಲಿ ಬಂದು ನಿದ್ದೆ ಬಾರದಿದ್ದರೆ ಅದು ಮನೆಯ ತಪ್ಪು, ತನ್ನದಲ್ಲ. ಮನೆ ಬದಲಾಯಿಸಿದರೆ ತೀರುತ್ತದೆ. ಅಷ್ಟು ನಂಬಿಕೊಂಡು ಒಂದು ತಿಂಗಳು ತಳ್ಳಿದ್ದಳು. ನನಗೆ ಅಳು ಬಂತು, ತಡೆಯಲಿಲ್ಲ, ಅತ್ತುಬಿಟ್ಟೆ. ನೀನು ಬೇಕಂತ ಮಲಗಲಿಲ್ಲ, ಹನ್ನೊಂದು ದಿನ ಎದ್ದಿದ್ದೆಯಲ್ಲೇ ಅಂದೆ. ಆ ಮಾತು ಅವಳು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ, ಮುಖದಲ್ಲಿ ಏನೂ ಆಗಲಿಲ್ಲ. ಗೋಡೆಗೆ ಒರಗಿ ಕಾಲು ನೀಡಿದೆ.

"ಮಲಗು ಬಾ ಇಲ್ಲಿ," ಅಂದೆ. "ನಾನು ಎದ್ದಿರ್ತೀನಿ."

"ನಿಮಗೂ ನಿದ್ದೆ ಬಂದ್ರೆ?"

"ಬರಲ್ಲ."

ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ನಿಧಾನಕ್ಕೆ ಪಕ್ಕದಲ್ಲಿ ನೆಲದ ಮೇಲೆ ಮೈ ಚಾಚಿ, ಎಲ್ಲಿ ಬಿದ್ದುಬಿಡುತ್ತೇನೋ ಅನ್ನುವ ಹಾಗೆ ನನ್ನ ಮೊಣಕಾಲು ಹಿಡಿದುಕೊಂಡಳು. ಎರಡು ಸಲ ಬೆಚ್ಚಿ ಕಣ್ಣು ತೆರೆದಳು. ಎರಡು ಸಲವೂ ಇಲ್ಲೇ ಇದ್ದೀನಿ ಅಂದೆ. ಮೂರನೆಯ ಸಲ ಅವಳು ಕಣ್ಣು ತೆರೆಯಲಿಲ್ಲ.

ಮರುಳಪ್ಪನವರು ಶಾಲು ಹಿಡಿದುಕೊಂಡು ನಾಲ್ಕು ಜನರ ಜೊತೆ ಬಾಗಿಲಿಗೆ ಬಂದರು. ತುಟಿಯ ಮೇಲೆ ಬೆರಳಿಟ್ಟೆ. ಒಳಗೆ ಇಣುಕಿ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೋದರು. ನನ್ನ ಕಾಲು ಜೋಮು ಹಿಡಿದಿತ್ತು, ಆಡಿಸಲಿಲ್ಲ. ಹೊತ್ತು ಇಳಿಯಿತು. ಕಣ್ಣು ಎಳೆದಾಗಲೆಲ್ಲ ಮೊಣಕಾಲಿನ ಮೇಲಿದ್ದ ಅವಳ ಕೈಯನ್ನು ಮುಟ್ಟಿ ನೋಡುತ್ತಿದ್ದೆ. ಬೆಚ್ಚಗಿತ್ತು.